ಅಣುಯುಗದ ದೈತ್ಯರು: 1950ರ ದಶಕದ ವೈಜ್ಞಾನಿಕ ಚಿತ್ರಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಣುಯುಗದ ಸಿನಿಮಾ ಎಂದರೆ ಯಾವ ಕಾಲದ ಚಿತ್ರಗಳು?

1945ರ ಜುಲೈ 16ರಂದು ಅಮೆರಿಕದ ನ್ಯೂ ಮೆಕ್ಸಿಕೋ ಮರುಭೂಮಿಯಲ್ಲಿ ಮೊದಲ ಅಣುಬಾಂಬ್ ಪರೀಕ್ಷೆ ನಡೆಯಿತು. ಮುಂದಿನ ತಿಂಗಳೇ ಹಿರೋಶಿಮಾ, ನಾಗಸಾಕಿ. 1949ರಲ್ಲಿ ಸೋವಿಯತ್ ಒಕ್ಕೂಟದ ಕೈಗೂ ಬಾಂಬ್ ಬಂತು. 1952ರಲ್ಲಿ ಅಮೆರಿಕ ಹೈಡ್ರೋಜನ್ ಬಾಂಬ್ ಸಿಡಿಸಿತು. ಆ ಹೊತ್ತಿಗೆ ಅಮೆರಿಕದ ಶಾಲೆಗಳಲ್ಲಿ, ಬಾಂಬ್ ಬಿದ್ದರೆ ಮೇಜಿನ ಕೆಳಗೆ ಹೇಗೆ ಅವಿತುಕೊಳ್ಳಬೇಕು ಎಂದು ಮಕ್ಕಳಿಗೆ ಕಲಿಸುವ ಕಿರುಚಿತ್ರ ತೋರಿಸುತ್ತಿದ್ದರು. ಅದರಲ್ಲಿ ಪಾಠ ಹೇಳುತ್ತಿದ್ದುದು ಬರ್ಟ್ ಎಂಬ ಆಮೆ.

ಹೀಗೆ ಬೆಳೆದ ಜನರಿಗಾಗಿ, ಹೀಗೆ ಹೆದರಿದ್ದ ಜನರೇ ಮಾಡಿದ ಚಿತ್ರಗಳಿವು. ಸುಮಾರು 1951ರಿಂದ 1960ರವರೆಗೆ ಇವುಗಳ ಸುಗ್ಗಿ. ಪರೀಕ್ಷೆಯ ಸ್ಫೋಟಕ್ಕೆ ಎಚ್ಚೆತ್ತ ಪ್ರಾಚೀನ ಪ್ರಾಣಿ, ವಿಕಿರಣ ತಗುಲಿ ಬೆಳೆದ ಹುಳ, ಬೇರೆ ಗ್ರಹದಿಂದ ಇಳಿದ ತಟ್ಟೆಯಾಕಾರದ ನೌಕೆ, ಬಿಳಿ ಕೋಟಿನ ವಿಜ್ಞಾನಿ, ಟ್ಯಾಂಕು ತರುವ ಸೇನೆ, ಇವೆಲ್ಲ ಅಲ್ಲಿಂದಲೇ ಬಂದವು.

ಇವನ್ನು ನೋಡಿದರೆ ನಗು ಬರುತ್ತದಲ್ಲ? ರಬ್ಬರ್ ಗೊಂಬೆ, ಕಾಣುವ ತಂತಿಗಳು...

ತಂತಿ ಕಾಣುವ ಚಿತ್ರಗಳು ಇವೆ, ಖರ್ಚಿಗೆ ಹಣವಿಲ್ಲದೆ ವಾರದೊಳಗೆ ಮುಗಿಸಿದವೂ ಇವೆ. ಆದರೆ ಒಳ್ಳೆಯ ಹತ್ತು ಹನ್ನೆರಡು ಚಿತ್ರಗಳನ್ನು ಆರಿಸಿಕೊಂಡು ನೋಡಿದರೆ ನಗು ಬೇಗ ನಿಲ್ಲುತ್ತದೆ. ಆ ಕಾಲವನ್ನು ಮುಗ್ಧ ಕಾಲ ಎಂದು ನೆನೆಯುವವರು ಬಹಳ ಮಂದಿ. ನನಗೆ ಹಾಗೆನ್ನಿಸುವುದಿಲ್ಲ. ಬಾಯಿಬಿಟ್ಟು ಹೇಳಲಾಗದ ಭಯಕ್ಕೆ ಇವು ಮೈ, ಕೈ, ಬಾಲ ಕೊಟ್ಟು ಎಲ್ಲರ ಎದುರು ನಿಲ್ಲಿಸಿದವು. ನಾನು ಇವುಗಳಿಗೆ ಮತ್ತೆ ಮತ್ತೆ ಮರಳುವುದು ಆ ಧೈರ್ಯಕ್ಕಾಗಿ.

ಗಾಡ್ಜಿಲ್ಲಾ ಮಕ್ಕಳ ಸಿನಿಮಾ ಅಲ್ಲವೇ?

ಮುಂದೆ ಬಂದ ಹಲವು ಗಾಡ್ಜಿಲ್ಲಾ ಚಿತ್ರಗಳು ಹೌದು, ಮಕ್ಕಳಿಗಾಗಿ ಮಾಡಿದವು. ಬಾಂಬ್ ಪರೀಕ್ಷೆಗೆ ಎಚ್ಚೆತ್ತು ಕಡಲಿನಿಂದೇಳುವ ದೈತ್ಯನ ಕಥೆ ಹೇಳುವ 1954ರ ಮೊದಲನೆಯದು ಖಂಡಿತ ಅಲ್ಲ. ಅದು ಹುಟ್ಟಿದ ಬಗೆ ತಿಳಿದರೆ ಏಕೆಂದು ಗೊತ್ತಾಗುತ್ತದೆ.

1954ರ ಮಾರ್ಚ್ 1ರಂದು ಅಮೆರಿಕ ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಪರೀಕ್ಷೆ ಮಾಡಿತು. ಸುಮಾರು 6 ಮೆಗಾಟನ್ ಶಕ್ತಿ ಹೊಮ್ಮೀತೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದರು, ಹೊಮ್ಮಿದ್ದು 15 ಮೆಗಾಟನ್. ಅಪಾಯವಲಯ ಎಂದು ಗುರುತಿಸಿದ್ದ ಗೆರೆಯ ಹೊರಗೇ ಟ್ಯೂನಾ ಮೀನು ಹಿಡಿಯುತ್ತಿದ್ದ 'ಡೈಗೊ ಫುಕುರ್ಯೂ ಮಾರು' ಎಂಬ ಜಪಾನಿ ದೋಣಿಯ ಮೇಲೆ ಬಿಳಿ ಬೂದಿ ಸುರಿಯತೊಡಗಿತು. ಸುಟ್ಟ ಹವಳದ ಪುಡಿ ಅದು. 23 ಮೀನುಗಾರರಿದ್ದರು. ಎಲ್ಲರೂ ವಿಕಿರಣದ ಕಾಯಿಲೆಗೆ ಬಿದ್ದರು. ದೋಣಿಯ ರೇಡಿಯೋ ನಿರ್ವಾಹಕ ಐಕಿಚಿ ಕುಬೊಯಾಮ ಸೆಪ್ಟೆಂಬರ್ 23ರಂದು ತೀರಿಕೊಂಡರು. ಜಪಾನಿನ ಮೀನು ಮಾರುಕಟ್ಟೆಗಳಲ್ಲಿ ವಿಕಿರಣದ ಮೀನು ಬಂದಿದೆ ಎಂಬ ಆತಂಕ ಹಬ್ಬಿತು.

ಅದೇ ವರ್ಷ ನವೆಂಬರ್ 3ರಂದು ಜಪಾನಿನ ತೊಹೊ ಚಿತ್ರಸಂಸ್ಥೆಯ 'ಗಾಡ್ಜಿಲ್ಲಾ' ಬಿಡುಗಡೆಯಾಯಿತು. ಮೊದಲ ದೃಶ್ಯದಲ್ಲೇ ಕಡಲ ಮಧ್ಯೆ ಒಂದು ದೋಣಿ, ನೀರಿನಿಂದೇಳುವ ಕಣ್ಣು ಕೋರೈಸುವ ಬೆಳಕು, ಹೊತ್ತಿ ಉರಿಯುವ ಹಡಗು. ಜಪಾನಿನ ಪ್ರೇಕ್ಷಕರಿಗೆ ಯಾರೂ ಅರ್ಥ ಹೇಳಬೇಕಿರಲಿಲ್ಲ.

ನಿರ್ದೇಶಕ ಇಶಿರೊ ಹೊಂಡಾ ಸೈನ್ಯದಲ್ಲಿದ್ದವರು, ಯುದ್ಧ ಮುಗಿದ ಮೇಲೆ ಊರಿಗೆ ಮರಳುವಾಗ ಹಾಳಾದ ಹಿರೋಶಿಮಾವನ್ನು ಹಾದು ಬಂದವರು. ಅವರ ಕ್ಯಾಮೆರಾ ದೈತ್ಯನಿಗಿಂತ ಹೆಚ್ಚಾಗಿ ಜನರ ಮುಖ ನೋಡುತ್ತದೆ. ರೈಲಿನಲ್ಲಿ ಕುಳಿತ ಹೆಂಗಸೊಬ್ಬಳು, ನಾಗಸಾಕಿಯಿಂದ ಹೇಗೋ ಪಾರಾಗಿ ಬಂದೆ, ಈಗ ಇದೊಂದು ಎನ್ನುತ್ತಾಳೆ. ಉರಿಯುವ ಟೋಕಿಯೋದ ಬೀದಿಬದಿಯಲ್ಲಿ ತಾಯಿಯೊಬ್ಬಳು ಮಕ್ಕಳನ್ನು ಅಪ್ಪಿಕೊಂಡು, ಇನ್ನೇನು ಅಪ್ಪನ ಬಳಿಗೆ ಹೋಗುತ್ತೇವೆ ಎಂದು ಸಮಾಧಾನ ಹೇಳುತ್ತಾಳೆ. ಮರುದಿನ ಆಸ್ಪತ್ರೆಯ ನೆಲದ ತುಂಬ ಗಾಯಾಳುಗಳು. ಪುಟ್ಟ ಮಗುವಿನ ಮೈಗೆ ವಿಕಿರಣ ಅಳೆಯುವ ಗೈಗರ್ ಕೌಂಟರ್ ಹಿಡಿದರೆ ಅದು ಟಿಕ್‌ಟಿಕ್ ಎನ್ನುತ್ತದೆ. ಈ ದೃಶ್ಯ ನೋಡಿದ ಮೇಲೆ ಇದನ್ನು ಮಕ್ಕಳಾಟ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಕಥೆಯ ನಡುವೆ ಸೆರಿಜಾವ ಎಂಬ ವಿಜ್ಞಾನಿ ಇದ್ದಾನೆ. ನೀರಿನೊಳಗಿನ ಆಮ್ಲಜನಕವನ್ನೇ ನಾಶಮಾಡುವ ಅಸ್ತ್ರ ಅವನ ಬಳಿ ಇದೆ. ಗಾಡ್ಜಿಲ್ಲಾವನ್ನು ಕೊಲ್ಲಬಲ್ಲದ್ದು ಅದೊಂದೇ. ಬಳಸಿದರೆ ನಾಳೆ ಯಾವುದಾದರೂ ಸರ್ಕಾರ ಅದನ್ನು ಬಾಂಬ್ ಮಾಡೀತೆಂಬ ಭಯ ಅವನದು. ಕೊನೆಗೆ ತನ್ನ ಟಿಪ್ಪಣಿಗಳನ್ನೆಲ್ಲ ಸುಟ್ಟು, ಕಡಲ ತಳಕ್ಕಿಳಿದು, ಅಸ್ತ್ರ ಬಿಟ್ಟು, ತನ್ನ ಉಸಿರಿನ ಕೊಳವೆಯನ್ನು ತಾನೇ ಕತ್ತರಿಸಿಕೊಳ್ಳುತ್ತಾನೆ. ಅಣುಬಾಂಬ್ ಮಾಡಿದ ವಿಜ್ಞಾನಿಗಳಿಗೆ ಸಿನಿಮಾ ಕೇಳಿದ ಅತ್ಯಂತ ಕಠಿಣ ಪ್ರಶ್ನೆ ಇದೇ ಎಂದು ನನ್ನ ನಂಬಿಕೆ.

ಜಪಾನಿ ಮೂಲ ನೋಡಬೇಕೇ, ಇಂಗ್ಲಿಷ್ ಆವೃತ್ತಿ ಸಾಕೇ?

ಮೂಲವನ್ನೇ ನೋಡಿ. 1956ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಆವೃತ್ತಿಗೆ ರೇಮಂಡ್ ಬರ್ ಎಂಬ ನಟನನ್ನು ವರದಿಗಾರನಾಗಿ ಸೇರಿಸಿ ಬೇರೆ ದೃಶ್ಯಗಳನ್ನು ಚಿತ್ರೀಕರಿಸಿದರು. 96 ನಿಮಿಷದ ಚಿತ್ರ 80 ನಿಮಿಷಕ್ಕೆ ಇಳಿಯಿತು. ನಾಗಸಾಕಿಯ ಮಾತು ಹೋಯಿತು. ಪರೀಕ್ಷೆಗಳು ಹೀಗೆಯೇ ನಡೆದರೆ ಇನ್ನೊಂದು ಗಾಡ್ಜಿಲ್ಲಾ ಬಂದೀತು ಎಂದು ವೃದ್ಧ ಪ್ರೊಫೆಸರ್ ಯಮಾನೆ ಕೊನೆಯಲ್ಲಿ ಹೇಳುವ ಮಾತೂ ಹೋಯಿತು. ಇಷ್ಟಾದರೂ ಗಾಡ್ಜಿಲ್ಲಾ ಜಗತ್ತಿನಾದ್ಯಂತ ಹೆಸರಾದದ್ದು ಆ ಆವೃತ್ತಿಯಿಂದ ಎಂಬುದನ್ನು ಮರೆಯಬಾರದು.

ಕಂಪ್ಯೂಟರ್ ಇಲ್ಲದೆ ಗಾಡ್ಜಿಲ್ಲಾವನ್ನು ಹೇಗೆ ಮಾಡಿದರು?

ವಿಶೇಷ ದೃಶ್ಯಗಳ ಹೊಣೆ ಹೊತ್ತವರು ಐಜಿ ತ್ಸುಬುರಾಯ. 1933ರ 'ಕಿಂಗ್ ಕಾಂಗ್' ನೋಡಿ ಮನಸೋತಿದ್ದ ಅವರಿಗೆ ಗೊಂಬೆಯನ್ನು ಚೂರುಚೂರೇ ಅಲುಗಿಸಿ ಒಂದೊಂದೇ ಫ್ರೇಮ್ ತೆಗೆಯುವ ಸ್ಟಾಪ್ ಮೋಷನ್ ವಿಧಾನದ ಆಸೆಯಿತ್ತು. ಅದಕ್ಕೆ ವರ್ಷಗಟ್ಟಲೆ ಹಿಡಿಯುತ್ತದೆ, ಕೈಯಲ್ಲಿದ್ದದ್ದು ತಿಂಗಳುಗಳು. ಹಾಗಾಗಿ ವೇಷದೊಳಗೆ ಮನುಷ್ಯನನ್ನು ನಿಲ್ಲಿಸಿ, 25ರಲ್ಲಿ ಒಂದು ಪಾಲು ಅಳತೆಯ ಟೋಕಿಯೋ ಕಟ್ಟಿದರು.

ವೇಷದೊಳಗಿದ್ದವರು ಹರುವೊ ನಕಾಜಿಮ. ಮೊದಲು ಮಾಡಿದ ವೇಷ ಸುಮಾರು 100 ಕಿಲೋ ತೂಗುತ್ತಿತ್ತು, ಅದನ್ನು ತೊಟ್ಟು ಕೆಲವೇ ಹೆಜ್ಜೆ ಇಡುವುದೂ ಕಷ್ಟವಾಗಿತ್ತು. ಮೇಲೆ ಸ್ಟುಡಿಯೋ ದೀಪಗಳ ಕಾವು. ವೇಷ ಕಳಚಿದಾಗ ಒಳಗಿನಿಂದ ಬೆವರನ್ನು ಬಸಿದು ಚೆಲ್ಲುತ್ತಿದ್ದರು. ನಡಿಗೆ ಕಲಿಯಲು ನಕಾಜಿಮ ಟೋಕಿಯೋದ ಉಯೆನೊ ಮೃಗಾಲಯಕ್ಕೆ ಹೋಗಿ ಆನೆ, ಕರಡಿಗಳು ಹೆಜ್ಜೆ ಊರುವುದನ್ನು ನೋಡುತ್ತ ನಿಲ್ಲುತ್ತಿದ್ದರು. ಕ್ಯಾಮೆರಾವನ್ನು ಹೆಚ್ಚು ವೇಗದಲ್ಲಿ ಓಡಿಸಿ, ಮಾಮೂಲಿ ವೇಗದಲ್ಲಿ ತೋರಿಸಿದರು. ಆಗ ಚಲನೆ ನಿಧಾನವಾಗಿ, ಭಾರ ಬಂತು. ಗಾಡ್ಜಿಲ್ಲಾದ ಸುಡುವ ಬಾಯುಸಿರಿಗೆ ವಿದ್ಯುತ್ ಗೋಪುರಗಳು ಕರಗಿ ಬಾಗುವ ದೃಶ್ಯವಿದೆಯಲ್ಲ, ಆ ಗೋಪುರಗಳನ್ನು ಮಾಡಿದ್ದು ಮೇಣದಲ್ಲಿ. ಶಾಖ ತಾಗಿ ಅವು ನಿಜವಾಗಿಯೇ ಕರಗಿದವು.

ಇನ್ನು ಆ ಘರ್ಜನೆ. ಮೃಗಾಲಯದ ಯಾವ ಪ್ರಾಣಿಯ ದನಿಯೂ ಹೊಂದಲಿಲ್ಲ. ಸಂಗೀತ ನಿರ್ದೇಶಕ ಅಕಿರಾ ಇಫುಕುಬೆ ಡಬಲ್ ಬಾಸ್ ಎಂಬ ದೊಡ್ಡ ಪಿಟೀಲಿನ ತಂತಿ ಸಡಿಲಿಸಿ, ರಾಳ ಹಚ್ಚಿದ ಚರ್ಮದ ಕೈಗವಸಿನಿಂದ ಅದರುದ್ದಕ್ಕೂ ಉಜ್ಜಿಸಿದರು. ಆ ಧ್ವನಿಮುದ್ರಣದ ವೇಗ ತಗ್ಗಿಸಿದಾಗ ಬಂದದ್ದು ಕೋಪವೂ ನೋವೂ ಬೆರೆತ ಕೂಗು. ಕಣ್ಣು ಮುಚ್ಚಿ ಅದೊಂದನ್ನೇ ಕೇಳಿ ನೋಡಿ.

ಅಮೆರಿಕದ ಚಿತ್ರಗಳಲ್ಲಿ ಮೊದಲು ಯಾವುದು ನೋಡಲಿ?

1954ರ 'ದೆಮ್!'. ನ್ಯೂ ಮೆಕ್ಸಿಕೋದ ಮರಳುಗಾಡಿನಲ್ಲಿ ಒಂಟಿಯಾಗಿ ಅಲೆಯುವ ಪುಟ್ಟ ಹುಡುಗಿ ಪೊಲೀಸರ ಕಣ್ಣಿಗೆ ಬೀಳುತ್ತಾಳೆ. ಕೈಯಲ್ಲಿ ಒಡೆದ ಗೊಂಬೆ, ನೆಟ್ಟ ನೋಟ, ಬಾಯಲ್ಲಿ ಮಾತಿಲ್ಲ. ಏನಾಯಿತೆಂದು ಯಾರಿಗೂ ತಿಳಿಯದು. ವಯಸ್ಸಾದ ಕೀಟವಿಜ್ಞಾನಿಯೊಬ್ಬ ಬಂದು ಅವಳ ಮೂಗಿನ ಬಳಿ ಫಾರ್ಮಿಕ್ ಆಮ್ಲದ ಲೋಟ ಹಿಡಿಯುತ್ತಾನೆ. ಇರುವೆ ಕಚ್ಚಿದಾಗ ಉರಿಯುವುದಕ್ಕೆ ಕಾರಣವಾದ ಆಮ್ಲ ಅದು. ವಾಸನೆ ಬಡಿದ ಕೂಡಲೇ ಹುಡುಗಿ 'ಅವು! ಅವು!' ಎಂದು ಕಿರುಚುತ್ತಾಳೆ. ದೈತ್ಯ ಇರುವೆ ಇನ್ನೂ ತೆರೆಗೆ ಬಂದೇ ಇಲ್ಲ, ನೋಡುವವರ ಕೈ ಆಗಲೇ ತಣ್ಣಗಾಗಿರುತ್ತದೆ.

ಮೊದಲ ಬಾಂಬ್ ಪರೀಕ್ಷೆ ನಡೆದ ಪ್ರದೇಶದಲ್ಲಿ, ಉಳಿದ ವಿಕಿರಣದಿಂದ ತಲೆಮಾರಿನಿಂದ ತಲೆಮಾರಿಗೆ ಬೆಳೆದ ಇರುವೆಗಳೆಂದು ಕಥೆ. ಪೊಲೀಸ್ ತನಿಖೆಯ ಚಿತ್ರದಂತೆ ಸುಳಿವಿನಿಂದ ಸುಳಿವಿಗೆ ಸಾಗಿ ಲಾಸ್ ಏಂಜಲಿಸ್‌ನ ಮಳೆನೀರು ಸುರಂಗಗಳಲ್ಲಿ ಮುಗಿಯುತ್ತದೆ. ಬಣ್ಣದಲ್ಲಿ, ತ್ರೀಡಿಯಲ್ಲಿ ಮಾಡುವ ಯೋಜನೆಯಿತ್ತು, ಕೊನೆಗೆ ಕಪ್ಪು-ಬಿಳುಪಾಯಿತು. ಶೀರ್ಷಿಕೆಗೆ ಮಾತ್ರ ಬಣ್ಣ ಉಳಿದಿದೆ.

ಅಷ್ಟು ದೊಡ್ಡ ಇರುವೆ ನಿಜಕ್ಕೂ ಇರಬಹುದೇ?

ಸಾಧ್ಯವಿಲ್ಲ. ಪ್ರಾಣಿಯ ಎತ್ತರ, ಉದ್ದ, ಅಗಲ ಮೂರನ್ನೂ ಹತ್ತು ಪಟ್ಟು ಮಾಡಿದರೆ ತೂಕ ಸಾವಿರ ಪಟ್ಟಾಗುತ್ತದೆ. ಆ ತೂಕ ಹೊರುವ ಕಾಲಿನ ಅಡ್ಡಕೊಯ್ತ ನೂರು ಪಟ್ಟು ಮಾತ್ರ. ಅಂದರೆ ಕಾಲಿನ ಪ್ರತಿ ಚದರ ಅಂಗುಲದ ಮೇಲೆ ಮೊದಲಿನ ಹತ್ತರಷ್ಟು ಭಾರ. ಇರುವೆ ಎದ್ದು ನಿಲ್ಲುವ ಮೊದಲೇ ಕುಸಿಯುತ್ತದೆ. ಉಸಿರಾಟವೂ ನಡೆಯುವುದಿಲ್ಲ. ಕೀಟಗಳಿಗೆ ಶ್ವಾಸಕೋಶವಿಲ್ಲ, ಮೈಯೊಳಗಿನ ಸಣ್ಣ ನಳಿಕೆಗಳ ಮೂಲಕ ಗಾಳಿ ಸೇರುತ್ತದೆ, ದೊಡ್ಡ ದೇಹಕ್ಕೆ ಅದು ಸಾಲದು.

ಇದನ್ನು ಅತಿ ಚೆನ್ನಾಗಿ ವಿವರಿಸಿದವರು ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್, 1926ರ ಪ್ರಬಂಧವೊಂದರಲ್ಲಿ. ಈ ಚಿತ್ರಗಳು ಭರ್ಜರಿಯಾಗಿ ಓಡುತ್ತಿದ್ದ 1957ರಲ್ಲೇ ಅವರು ಬ್ರಿಟನ್ ಬಿಟ್ಟು ಭಾರತಕ್ಕೆ ಬಂದರು, ಮುಂದೆ ಇಲ್ಲಿಯ ಪೌರರೂ ಆದರು. 1964ರಲ್ಲಿ ಭುವನೇಶ್ವರದಲ್ಲಿ ಕೊನೆಯುಸಿರೆಳೆದರು.

ವಿಕಿರಣ ತಾಗಿದರೆ ಪ್ರಾಣಿ ದೈತ್ಯವಾಗುವುದೂ ಇಲ್ಲ. ಅದು ಜೀವಕೋಶಗಳನ್ನು ಹಾಳುಮಾಡುತ್ತದೆ, ಕ್ಯಾನ್ಸರ್ ತರುತ್ತದೆ, ವಂಶವಾಹಿಗಳಲ್ಲಿ ದೋಷ ಉಳಿಸುತ್ತದೆ. ಕಣ್ಣಿಗೆ ಕಾಣದೆ ನಿಧಾನವಾಗಿ ಕೊಲ್ಲುವ ಇಂಥದ್ದನ್ನು ತೆರೆಯ ಮೇಲೆ ತೋರಿಸುವುದು ಹೇಗೆ? ಅದಕ್ಕೇ ಇರುವೆ, ಅದಕ್ಕೇ ಗಾಡ್ಜಿಲ್ಲಾ.

ರೇ ಹ್ಯಾರಿಹೌಸನ್ ಹೆಸರು ಎಲ್ಲೆಡೆ ಕೇಳುತ್ತೇವೆ. ಅವರು ಮಾಡಿದ್ದೇನು?

ಒಬ್ಬರೇ ಕೋಣೆಯಲ್ಲಿ ಕುಳಿತು ಗೊಂಬೆಗಳಿಗೆ ಜೀವ ಕೊಟ್ಟರು. 1920ರಲ್ಲಿ ಹುಟ್ಟಿದ ಅವರು 13ನೇ ವಯಸ್ಸಿನಲ್ಲಿ 'ಕಿಂಗ್ ಕಾಂಗ್' ನೋಡಿ, ಇದನ್ನು ಮಾಡಿದ್ದು ಹೇಗೆಂದು ಹುಡುಕುತ್ತ ಹೊರಟರು. ಆ ಚಿತ್ರದ ದೈತ್ಯನನ್ನು ಅಲುಗಿಸಿದ್ದ ವಿಲಿಸ್ ಓ'ಬ್ರಯನ್ ಅವರ ಕೈಕೆಳಗೇ ಮುಂದೆ ಕೆಲಸ ಕಲಿತರು.

ಲೋಹದ ಕೀಲುಗಳ ಅಸ್ಥಿಪಂಜರ, ಮೇಲೆ ರಬ್ಬರ್ ಚರ್ಮ. ಕಾಲನ್ನು ಕೂದಲೆಳೆಯಷ್ಟು ಸರಿಸಿ ಒಂದು ಫ್ರೇಮ್, ಬಾಲವನ್ನು ಇಷ್ಟೇ ಇಷ್ಟು ತಿರುಗಿಸಿ ಇನ್ನೊಂದು. ತೆರೆಯ ಮೇಲಿನ ಒಂದು ಸೆಕೆಂಡಿಗೆ 24 ಫ್ರೇಮ್ ಬೇಕು. ಮೊದಲೇ ತೆಗೆದ ಬೀದಿಯ ದೃಶ್ಯವನ್ನು ಗೊಂಬೆಯ ಹಿಂದೆ ಪರದೆಯ ಮೇಲೆ ಮೂಡಿಸಿ, ಮುಂಭಾಗವನ್ನು ಮುಚ್ಚಿ ಚಿತ್ರೀಕರಿಸಿ, ಆಮೇಲೆ ಅದೇ ಫಿಲ್ಮಿನ ಮೇಲೆ ಮುಂಭಾಗವನ್ನು ತುಂಬುತ್ತಿದ್ದರು. ದೈತ್ಯ ಜನರ ನಡುವೆಯೇ ನಿಂತಂತೆ ಕಾಣುತ್ತಿತ್ತು. 1953ರ 'ದಿ ಬೀಸ್ಟ್ ಫ್ರಮ್ 20,000 ಫ್ಯಾದಮ್ಸ್' ಚಿತ್ರದಲ್ಲಿ ಆರ್ಕ್ಟಿಕ್‌ನ ಬಾಂಬ್ ಪರೀಕ್ಷೆಗೆ ಹಿಮದೊಳಗಿಂದ ಏಳುವ ಪ್ರಾಣಿ ನ್ಯೂಯಾರ್ಕ್ ತಲುಪುತ್ತದೆ. ಬಾಂಬ್‌ಗೆ ಎಚ್ಚೆತ್ತ ದೈತ್ಯ ಎಂಬ ಕಥೆಗೆ ಹಾದಿ ಹಾಕಿದ್ದು ಇದು, ಗಾಡ್ಜಿಲ್ಲಾಗಿಂತ ಒಂದು ವರ್ಷ ಮೊದಲು.

1955ರ 'ಇಟ್ ಕೇಮ್ ಫ್ರಮ್ ಬಿನೀತ್ ದಿ ಸೀ' ಚಿತ್ರದ ಆಕ್ಟೋಪಸ್‌ಗೆ ಆರೇ ತೋಳು. ಹಣ ಕಡಿಮೆಯಿತ್ತು, ಎಂಟು ತೋಳು ಅಲುಗಿಸುವಷ್ಟು ಸಮಯವೂ ಇರಲಿಲ್ಲ. ಗೋಲ್ಡನ್ ಗೇಟ್ ಸೇತುವೆಯನ್ನು ಅದು ತಬ್ಬಿ ಎಳೆಯುವಾಗ ಎಣಿಸುವ ವ್ಯವಧಾನ ಯಾರಿಗಿರುತ್ತದೆ? ಆ ತೋಳುಗಳ ತುದಿ ಗಮನಿಸಿ. ಬೆರಳಿನಂತೆ ತಡವರಿಸುತ್ತ ಹುಡುಕುತ್ತವೆ. ಇಂಥ ಕಡೆ ಕಲಾವಿದನ ಕೈ ಕಾಣುತ್ತದೆ, ಇಂದಿನ ಎಷ್ಟೋ ದುಬಾರಿ ದೃಶ್ಯಗಳಲ್ಲಿ ನನಗೆ ಅದು ಸಿಗುವುದಿಲ್ಲ.

ಬೇರೆ ಗ್ರಹದವರು ಬರುವ ಚಿತ್ರಗಳೂ ಇದೇ ಸಾಲಿಗೆ ಸೇರುತ್ತವೆಯೇ?

ಸೇರುತ್ತವೆ. 1951ರ 'ದಿ ಡೇ ದಿ ಅರ್ಥ್ ಸ್ಟುಡ್ ಸ್ಟಿಲ್' ಚಿತ್ರದಲ್ಲಿ ವಾಷಿಂಗ್ಟನ್‌ನಲ್ಲಿ ಇಳಿಯುವ ಕ್ಲಾಟು, ನಿಮ್ಮ ಜಗಳವನ್ನು ಬಾಹ್ಯಾಕಾಶಕ್ಕೆ ತಂದರೆ ಭೂಮಿ ಉಳಿಯದು ಎಂದು ಎಚ್ಚರಿಸುತ್ತಾನೆ. 1956ರ 'ಇನ್ವೇಷನ್ ಆಫ್ ದಿ ಬಾಡಿ ಸ್ನ್ಯಾಚರ್ಸ್' ಚಿತ್ರದಲ್ಲಿ ದೈತ್ಯರೇ ಇಲ್ಲ. ಸಣ್ಣ ಊರೊಂದರಲ್ಲಿ ನೆರೆಹೊರೆಯವರು ಒಬ್ಬೊಬ್ಬರಾಗಿ ಭಾವನೆಯಿಲ್ಲದವರಾಗುತ್ತಾರೆ. ಕಮ್ಯುನಿಸ್ಟರ ಭಯ ಎಂದು ಕೆಲವರು, ಕಮ್ಯುನಿಸ್ಟರನ್ನು ಬೇಟೆಯಾಡಿದವರ ಭಯ ಎಂದು ಇನ್ನು ಕೆಲವರು ಅರ್ಥ ಮಾಡುತ್ತಾರೆ. ಎರಡಕ್ಕೂ ಚಿತ್ರದಲ್ಲಿ ಜಾಗವಿದೆ. ನಾಯಕ ಹೆದ್ದಾರಿಯಲ್ಲಿ ವಾಹನಗಳ ನಡುವೆ ನಿಂತು ಕೂಗುವಲ್ಲಿಗೆ ಮುಗಿಸಬೇಕೆಂದು ನಿರ್ದೇಶಕ ಡಾನ್ ಸೀಗಲ್ ಬಯಸಿದ್ದರು. ಸ್ಟುಡಿಯೋ ಒತ್ತಾಯದಿಂದ ಆಸ್ಪತ್ರೆಯ ಆರಂಭ, ಅಂತ್ಯ ಸೇರಿದವು.

ಆ ನಡುಗುವ, ಓಲಾಡುವ ಸಂಗೀತ ಯಾವ ವಾದ್ಯದ್ದು?

ಥೆರೆಮಿನ್. ಮುಟ್ಟದೆ ನುಡಿಸುವ ವಾದ್ಯ. ಒಂದು ಆಂಟೆನಾ ಬಳಿ ಕೈ ಆಡಿಸಿದರೆ ಸ್ವರ ಏರಿಳಿಯುತ್ತದೆ, ಇನ್ನೊಂದರ ಬಳಿ ಆಡಿಸಿದರೆ ಸದ್ದು ಹೆಚ್ಚು ಕಡಿಮೆಯಾಗುತ್ತದೆ. ಕ್ಲಾಟುವಿನ ಚಿತ್ರಕ್ಕೆ ಬರ್ನಾರ್ಡ್ ಹರ್ಮನ್ ಎರಡು ಥೆರೆಮಿನ್ ಬಳಸಿದರು. 1956ರ 'ಫರ್ಬಿಡನ್ ಪ್ಲಾನೆಟ್' ಇನ್ನೂ ಮುಂದೆ ಹೋಯಿತು: ಲೂಯಿಸ್ ಮತ್ತು ಬೆಬೆ ಬ್ಯಾರನ್ ದಂಪತಿ ತಾವೇ ಕಟ್ಟಿದ ಎಲೆಕ್ಟ್ರಾನಿಕ್ ಸರ್ಕ್ಯೂಟ್‌ಗಳಿಂದ ಇಡೀ ಚಿತ್ರದ ಸಂಗೀತ ತೆಗೆದರು.

ಈ ಲೋಕದಲ್ಲಿ ಹೆಂಗಸರಿಗೆ ಕಿರುಚುವುದಷ್ಟೇ ಕೆಲಸವೇ?

ಕಿರುಚಾಟ ಬೇಕಾದಷ್ಟಿದೆ. ಆದರೆ 'ದೆಮ್!' ಚಿತ್ರದ ಇರುವೆಗೂಡಿನೊಳಗೆ ಇಳಿದೇ ತೀರುತ್ತೇನೆ ಎಂದು ಹಟ ಹಿಡಿದು ಇಳಿಯುವ ವಿಜ್ಞಾನಿ ಹೆಣ್ಣು.

ತೆರೆಯ ಹಿಂದಿನ ಕಥೆ ಮನಸ್ಸು ಕಲಕುತ್ತದೆ. 1954ರ 'ಕ್ರೀಚರ್ ಫ್ರಮ್ ದಿ ಬ್ಲ್ಯಾಕ್ ಲಗೂನ್' ಚಿತ್ರದ, ಕಿವಿರುಗಳಿರುವ ಮೀನುಮಾನವನ ರೂಪ ಬರೆದ ಕಲಾವಿದೆ ಮಿಲಿಸೆಂಟ್ ಪ್ಯಾಟ್ರಿಕ್. ಯೂನಿವರ್ಸಲ್ ಸ್ಟುಡಿಯೋ ಆಕೆಯನ್ನು ಊರೂರಿಗೆ ಪ್ರಚಾರಕ್ಕೆ ಕಳಿಸಿತು. ಮೇಕಪ್ ವಿಭಾಗದ ಮುಖ್ಯಸ್ಥ ಬಡ್ ವೆಸ್ಟ್‌ಮೋರ್‌ಗೆ ಅದು ಸಹಿಸಲಿಲ್ಲ. ಹೆಸರು ಆತನಿಗೆ ಸಂದಿತು, ಆಕೆಗೆ ಅಲ್ಲಿ ಮತ್ತೆ ಕೆಲಸ ಸಿಗಲಿಲ್ಲ. ದಶಕಗಳ ನಂತರ ಈಗ ಆಕೆಯ ಹೆಸರು ಮರಳಿ ಬಂದಿದೆ. ಈ ಚಿತ್ರದ ಬಗ್ಗೆ ಮಾತಾಡುವಾಗಲೆಲ್ಲ ಆ ಹೆಸರನ್ನು ಹೇಳಿ.

ಭಾರತಕ್ಕೆ ಇವುಗಳ ನಂಟೇನಾದರೂ ಇದೆಯೇ?

ಗಾಡ್ಜಿಲ್ಲಾಗೆ ಕಾರಣವಾದ ಅದೇ ಬಿಕಿನಿ ಸ್ಫೋಟದ ಬೆನ್ನಿಗೆ, 1954ರ ಏಪ್ರಿಲ್ 2ರಂದು ಪ್ರಧಾನಿ ನೆಹರೂ ಲೋಕಸಭೆಯಲ್ಲಿ ಮಾತಾಡಿ, ಅಣ್ವಸ್ತ್ರ ಪರೀಕ್ಷೆಗಳನ್ನು ಇದ್ದಲ್ಲಿಗೇ ನಿಲ್ಲಿಸುವ ಒಪ್ಪಂದವಾಗಲಿ ಎಂದು ಜಗತ್ತನ್ನು ಕೇಳಿಕೊಂಡರು. ಸಂಸತ್ತಿನಲ್ಲಿ ಆ ಮಾತು, ಸ್ಟುಡಿಯೋದಲ್ಲಿ ಆ ಚಿತ್ರ, ಎರಡೂ ಒಂದೇ ವರ್ಷದವು.

ಸಿನಿಮಾದ ನಂಟೂ ಒಂದಿದೆ. ಸೇಲಂನ ಮಾಡರ್ನ್ ಥಿಯೇಟರ್ಸ್ ಅಮೆರಿಕನ್ನರ ಜತೆ ಸೇರಿ 1952ರಲ್ಲಿ 'ದಿ ಜಂಗಲ್' ತೆಗೆಯಿತು, ತಮಿಳಿನಲ್ಲಿ ಅದು 'ಕಾಡು'. ಕಾಡಿನಲ್ಲಿ ಬದುಕುಳಿದ, ಮೈತುಂಬ ಕೂದಲಿನ ಮ್ಯಾಮತ್ ಎಂಬ ಪ್ರಾಚೀನ ಆನೆಗಳು ಅದರ ದೈತ್ಯರು. ಅಣುಬಾಂಬ್‌ಗೂ ಅದಕ್ಕೂ ಸಂಬಂಧವಿಲ್ಲ.

ಮನೆಯ ಮಕ್ಕಳಿಗೆ ಯಾವುದು ತೋರಿಸಬಹುದು?

ಹ್ಯಾರಿಹೌಸನ್ ಚಿತ್ರಗಳಿಂದ ಶುರು ಮಾಡಿ, ಮೀನುಮಾನವನ ಚಿತ್ರವೂ ಆದೀತು. 1954ರ ಗಾಡ್ಜಿಲ್ಲಾವನ್ನು ಹಿರೋಶಿಮಾ ಎಂದರೇನೆಂದು ತಿಳಿಯುವ ವಯಸ್ಸಿಗೆ ಇಟ್ಟುಕೊಳ್ಳಿ.

ಹೈಸ್ಕೂಲು ಮಕ್ಕಳಿಗೆ 1957ರ 'ದಿ ಇನ್‌ಕ್ರೆಡಿಬಲ್ ಶ್ರಿಂಕಿಂಗ್ ಮ್ಯಾನ್' ತೋರಿಸಿ. ವಿಕಿರಣದ ಮಂಜೂ ಕೀಟನಾಶಕವೂ ಮೈಗೆ ತಗುಲಿ ದಿನದಿನಕ್ಕೆ ಚಿಕ್ಕದಾಗುವ ಮನುಷ್ಯನ ಕಥೆ. ನೆಲಮಾಳಿಗೆಗೆ ಬಿದ್ದ ಅವನಿಗೆ ಬೆಂಕಿಪೊಟ್ಟಣವೇ ಮನೆ, ಸೂಜಿಯೇ ಈಟಿ, ಜೇಡವೇ ವೈರಿ. ಮತ್ತೆ ದೊಡ್ಡವನಾಗುವ ಸುಖಾಂತ್ಯಕ್ಕೆ ನಿರ್ದೇಶಕ ಜ್ಯಾಕ್ ಅರ್ನಾಲ್ಡ್ ಒಪ್ಪಲಿಲ್ಲ. ಕಿಟಕಿಯ ಜಾಲರಿಯ ಕಂಡಿಯಲ್ಲೇ ನುಸುಳುವಷ್ಟು ಚಿಕ್ಕವನಾದ ಮೇಲೆ ನಕ್ಷತ್ರಗಳನ್ನು ನೋಡುತ್ತ ಅವನು ಆಡುವ ಮಾತುಗಳಿಗಾಗಿಯಾದರೂ ಈ ಚಿತ್ರ ನೋಡಬೇಕು.

ಬಣ್ಣ ತುಂಬಿಸಿದ ಪ್ರತಿಗಳು ಸಿಗುತ್ತವೆ. ಅವು ಚೆನ್ನಾಗಿವೆಯೇ?

ಬೇಡ. ಕಪ್ಪು-ಬಿಳುಪಿನ ನೆರಳನ್ನು ಲೆಕ್ಕ ಹಾಕಿಯೇ ಬೆಳಕು ಹಚ್ಚಿದ್ದರು. ಮಾದರಿ ಕಟ್ಟಡ ನಿಜದಂತೆ ಕಾಣುವುದು ಆ ಕತ್ತಲಿನಿಂದ. ದೀಪ ಆರಿಸಿ, ಫೋನ್ ಬದಿಗಿಟ್ಟು ನೋಡಿ.

ಹೊಸ ಗಾಡ್ಜಿಲ್ಲಾ ಚಿತ್ರಗಳಲ್ಲಿ ಹಳೆಯ ಜೀವ ಉಳಿದಿದೆಯೇ?

ಜಪಾನಿನವುಗಳಲ್ಲಿ ಉಳಿದಿದೆ. 2011ರ ಸುನಾಮಿ ಮತ್ತು ಫುಕುಶಿಮಾ ಅಣುಸ್ಥಾವರ ದುರಂತದ ನೆನಪು 2016ರ 'ಶಿನ್ ಗಾಡ್ಜಿಲ್ಲಾ' ತುಂಬ ಇದೆ: ಕಡತ ಹಿಡಿದು ಸಭೆಯಿಂದ ಸಭೆಗೆ ಓಡುವ ಅಧಿಕಾರಿಗಳು, ಅಷ್ಟರಲ್ಲಿ ಕೈಮೀರುವ ಅನಾಹುತ. 2023ರ 'ಗಾಡ್ಜಿಲ್ಲಾ ಮೈನಸ್ ಒನ್' ಕಥೆಯನ್ನು ಯುದ್ಧ ಸೋತ ಜಪಾನಿಗೇ ಒಯ್ದಿತು. ತಕಾಶಿ ಯಮಝಾಕಿ ನಿರ್ದೇಶನ. ಕೇವಲ 35 ಕಲಾವಿದರ ತಂಡ 610 ವಿಶೇಷ ದೃಶ್ಯಗಳನ್ನು ಮಾಡಿ 2024ರಲ್ಲಿ ಆಸ್ಕರ್ ಗೆದ್ದಿತು. ಗಾಡ್ಜಿಲ್ಲಾ ಸರಣಿಗೆ ಅದು ಮೊದಲ ಆಸ್ಕರ್. ಆ ಚಿತ್ರದ ಕಪ್ಪು-ಬಿಳುಪು ಆವೃತ್ತಿಯೂ ಬಂದಿದೆ. 1954ರದ್ದನ್ನು ನೋಡಿದ ಮೇಲೆ ಇದನ್ನು ನೋಡುವುದಾದರೆ, ಆ ಆವೃತ್ತಿಯನ್ನೇ ಹುಡುಕಿ.